ಸೀರಿ ಸಿ: ಇಟಲಿಯ ಮೂರನೇ ದರ್ಜೆ ಫುಟ್ಬಾಲ್‌ನ ಒಂದು ಸೀಸನ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಇಟಲಿ ಫುಟ್ಬಾಲ್ ಅಂದ ಕೂಡಲೇ ನಮ್ಮಲ್ಲಿ ಮಾತು ಜುವೆಂಟಸ್, ಮಿಲಾನ್, ನಾಪೊಲಿಗೆ ಬಂದು ನಿಲ್ಲುತ್ತದೆ. ನಾನು ಸೀರಿ ಸಿ ನೋಡುತ್ತೇನೆ ಎಂದರೆ ಸ್ನೇಹಿತರು ಮೊದಲು ಅಚ್ಚರಿಪಡುತ್ತಾರೆ, ಆಮೇಲೆ ಒಂದೊಂದೇ ಪ್ರಶ್ನೆ ಕೇಳುತ್ತಾರೆ. ವರ್ಷಗಳಿಂದ ಹೆಚ್ಚು ಕಡಿಮೆ ಅವೇ ಪ್ರಶ್ನೆಗಳು. ಅವನ್ನು ಕೇಳಿದವರ ಮಾತಲ್ಲೇ ಇಲ್ಲಿ ಬರೆದಿದ್ದೇನೆ. ಉದಾಹರಣೆಗೆ ಹೆಚ್ಚಾಗಿ 2022-23ರ ಸೀಸನ್ ತೆಗೆದುಕೊಂಡಿದ್ದೇನೆ.

## ಮೊದಲು ಗೊತ್ತಿರಬೇಕಾದದ್ದು

ಸೀರಿ ಎ ಗೊತ್ತು. ಈ ಸೀರಿ ಸಿ ಅಂದ್ರೆ ಏನು? ಹವ್ಯಾಸಿಗಳ ಲೀಗಾ?

ಅಲ್ಲ. ಸೀರಿ ಸಿ ಇಟಲಿಯ ಮೂರನೇ ದರ್ಜೆ. ಸೀರಿ ಎಯಲ್ಲಿ 20 ತಂಡ, ಸೀರಿ ಬಿಯಲ್ಲಿ 20 ತಂಡ, ಅದರ ಕೆಳಗೆ ಸೀರಿ ಸಿಯಲ್ಲಿ 60 ತಂಡ. ಸಂಬಳಕ್ಕೆ ಆಡುವ ವೃತ್ತಿಪರ ಫುಟ್ಬಾಲ್‌ನ ಕೊನೆಯ ಮೆಟ್ಟಿಲು ಇದೇ. ಇದರ ಕೆಳಗಿನ ಸೀರಿ ಡಿಯಿಂದ ಹವ್ಯಾಸಿ ಫುಟ್ಬಾಲ್ ಶುರು. ಅಲ್ಲಿ ಒಂಬತ್ತು ಗುಂಪು. ಅದಕ್ಕೂ ಕೆಳಗೆ ಎಚ್ಚೆಲೆನ್ಜಾ, ಪ್ರೊಮೊತ್ಸಿಯೋನೆ, ಹೀಗೆ ಊರಿನ ಕೊನೆಯ ಮೈದಾನದವರೆಗೂ ಏಣಿ ಇಳಿಯುತ್ತದೆ.

ಈ ಏಣಿಗೆ ಎಲ್ಲೂ ಬೀಗ ಇಲ್ಲ. ತೀರಾ ಕೆಳಗಿನ ತಂಡ ಗೆಲ್ಲುತ್ತಾ ಹೋದರೆ ಒಂದು ದಿನ ಸೀರಿ ಎಗೂ ಬರಬಹುದು. ಮೇಲಿನ ತಂಡ ಸೋಲುತ್ತಾ ಹೋದರೆ ಅಷ್ಟೇ ಕೆಳಗೂ ಹೋಗಬಹುದು. ನಮ್ಮ ರಣಜಿಯಲ್ಲಿ ಎಲೀಟ್ ಗುಂಪಿನಿಂದ ಪ್ಲೇಟ್ ಗುಂಪಿಗೆ ಇಳಿಯುತ್ತಾರಲ್ವಾ, ಹಾಗೇ. ಆದರೆ ಇಟಲಿಯಲ್ಲಿ ಇಳಿದರೆ ಪ್ರಾಯೋಜಕರು, ಟಿವಿ ದುಡ್ಡು, ಒಳ್ಳೆಯ ಆಟಗಾರರು ಎಲ್ಲರೂ ಒಟ್ಟಿಗೆ ಎದ್ದು ಹೋಗುತ್ತಾರೆ.

ಅಂದ ಹಾಗೆ, ಇಟಲಿಯವರು ಇದನ್ನು "ಸೆರಿಯೆ ಚಿ" ಎನ್ನುತ್ತಾರೆ. ನಮ್ಮ ಪತ್ರಿಕೆಗಳಲ್ಲಿ ರೂಢಿಯಾಗಿರುವ "ಸೀರಿ"ಯನ್ನೇ ನಾನು ಬಳಸುತ್ತಿದ್ದೇನೆ.

60 ತಂಡ ಒಂದೇ ಪಟ್ಟಿಯಲ್ಲಿ ಹೇಗೆ ಆಡ್ತವೆ?

ಒಂದೇ ಪಟ್ಟಿಯಲ್ಲಿ ಆಡುವುದಿಲ್ಲ. ಇಪ್ಪತ್ತಿಪ್ಪತ್ತರ ಮೂರು ಗುಂಪು ಮಾಡುತ್ತಾರೆ. ಗುಂಪಿಗೆ ಇಟಲಿಯನ್ನಲ್ಲಿ "ಜಿರೋನೆ" ಎನ್ನುತ್ತಾರೆ. ಎ, ಬಿ, ಸಿ ಮೂರು ಜಿರೋನೆಗಳು. ಸುಮಾರಾಗಿ ಎ ಅಂದರೆ ಉತ್ತರ, ಬಿ ಅಂದರೆ ನಡುಭಾಗ, ಸಿ ಅಂದರೆ ದಕ್ಷಿಣ. ಪ್ರಯಾಣದ ಖರ್ಚು ಉಳಿಸಲು ಈ ಏರ್ಪಾಡು.

ಖರ್ಚು ಉಳಿಸಲು ಮಾಡಿದ್ದು ಆಟದ ರುಚಿಯನ್ನೇ ಬದಲಿಸಿದೆ. ಗುಂಪಿನಲ್ಲಿ ಇರುವವರೆಲ್ಲ ನೆರೆಯೂರಿನವರು. ಪಕ್ಕದ ಜಿಲ್ಲೆಯವರ ಜತೆ ನೂರು ವರ್ಷದ ಜಗಳ ಇರುತ್ತದೆ. ಜಿರೋನೆ ಸಿ ಅಂತೂ ಮೂರರಲ್ಲಿ ಅತಿ ಬಿಸಿ. ಫೊಜ್ಜಾ, ಕ್ರೊಟೋನೆ, ಕತಾನಿಯಾ, ಬೆನೆವೆಂತೊ ತರಹ ಸೀರಿ ಎ ಕಂಡ ಊರುಗಳೂ ಅಲ್ಲಿ ಆಡಿವೆ. ಒಂದು ಗುಂಪು ಮಾತ್ರ ನೋಡಲು ಸಮಯ ಇದೆ ಎಂದರೆ ನಾನು ಯೋಚನೆ ಮಾಡದೆ ಅದನ್ನೇ ಹೇಳುತ್ತೇನೆ.

ಹಳೇ ವರದಿಗಳಲ್ಲಿ ಸಿ1, ಸಿ2, ಲೆಗಾ ಪ್ರೊ ಅಂತೆಲ್ಲ ಇರುತ್ತೆ. ಎಲ್ಲ ಒಂದೇನಾ?

ಒಂದೇ ಮನೆಯ ಬೇರೆ ಬೇರೆ ಕಾಲದ ಹೆಸರುಗಳು. 1978ರಲ್ಲಿ ಸೀರಿ ಸಿಯನ್ನು ಸಿ1 ಮತ್ತು ಸಿ2 ಎಂದು ಎರಡು ದರ್ಜೆಯಾಗಿ ಒಡೆದರು. 2008ರಲ್ಲಿ ಹೆಸರು ಬದಲಾಯಿಸಿದರು. 2014ರಲ್ಲಿ ಎರಡನ್ನೂ ಸೇರಿಸಿ ಒಂದೇ ದರ್ಜೆ ಮಾಡಿ ಲೆಗಾ ಪ್ರೊ ಎಂದು ಕರೆದರು. 2017ರಲ್ಲಿ ಸೀರಿ ಸಿ ಎಂಬ ಹಳೆಯ ಹೆಸರೇ ವಾಪಸ್ ಬಂತು. ಲೀಗ್ ನಡೆಸುವ ಸಂಸ್ಥೆಗೆ ಮಾತ್ರ ಆಮೇಲೂ ಲೆಗಾ ಪ್ರೊ ಎಂಬ ಹೆಸರೇ ಉಳಿಯಿತು.

60ರಲ್ಲಿ ಎಷ್ಟು ತಂಡ ಮೇಲೆ ಹೋಗ್ತವೆ? ಎಷ್ಟು ಕೆಳಗೆ ಬೀಳ್ತವೆ?

ಮೇಲೆ ಹೋಗುವುದು ನಾಲ್ಕೇ ನಾಲ್ಕು. ಮೂರು ಗುಂಪಿನ ಮೊದಲ ಸ್ಥಾನದವರು ನೇರವಾಗಿ, ಲೀಗ್ ಮುಗಿದ ಮೇಲೆ ನಡೆಯುವ ಪ್ಲೇಆಫ್ ಎಂಬ ನಾಕೌಟ್ ಸುತ್ತುಗಳನ್ನು ಗೆದ್ದ ಒಬ್ಬರು ಜತೆಗೆ. ಕೆಳಗೆ ಒಂಬತ್ತು ತಂಡ. ಸೀರಿ ಡಿಯ ಒಂಬತ್ತು ಗುಂಪುಗಳನ್ನು ಗೆದ್ದವರು ಆ ಜಾಗಕ್ಕೆ ಬರುತ್ತಾರೆ.

ಈ ಲೆಕ್ಕವನ್ನು ಒಂದು ನಿಮಿಷ ಯೋಚಿಸಿ. ಎರಡನೇ ಸ್ಥಾನ ಬಂದ ತಂಡ ಇಡೀ ವರ್ಷ ಚೆನ್ನಾಗಿ ಆಡಿರುತ್ತದೆ, ಆದರೂ ಕೈಗೆ ಏನೂ ಸಿಕ್ಕಿರುವುದಿಲ್ಲ. ಅದಕ್ಕೇ ಇಲ್ಲಿ ಮೊದಲ ಸ್ಥಾನಕ್ಕೆ ಅಷ್ಟು ಬೆಲೆ, ಎರಡನೇ ಸ್ಥಾನಕ್ಕೆ ಅಷ್ಟು ಸಂಕಟ.

ಪ್ಲೇಆಫ್‌ನಲ್ಲಿ 28 ತಂಡ ಅಂತ ಓದಿದೆ. ಪ್ರಿಂಟ್ ಮಿಸ್ಟೇಕಾ?

ಪ್ರಿಂಟ್ ಮಿಸ್ಟೇಕ್ ಅಲ್ಲ, ನಿಜವಾಗಿಯೂ 28. ಪ್ರತಿ ಗುಂಪಿನಿಂದ ಎರಡರಿಂದ ಹತ್ತನೇ ಸ್ಥಾನದವರೆಗೆ ಒಂಬತ್ತು ತಂಡ, ಒಟ್ಟು 27. ಜತೆಗೆ ಸೀರಿ ಸಿಯವರಿಗೇ ಇರುವ ಇಟಲಿ ಕಪ್ ಗೆದ್ದ ತಂಡ. ಎಲ್ಲರೂ ಒಂದೇ ದಿನ ಕಣಕ್ಕೆ ಇಳಿಯುವುದಿಲ್ಲ. ಕೆಳಗಿನ ಸ್ಥಾನದವರು ಮೊದಲು ಆಡುತ್ತಾರೆ, ಮೇಲಿನವರು ತಡವಾಗಿ ಸೇರುತ್ತಾರೆ. ಶುರುವಿನ ಸುತ್ತುಗಳಲ್ಲಿ ಸಮ ಆದರೆ ಲೀಗ್‌ನಲ್ಲಿ ಮೇಲಿದ್ದ ತಂಡ ಮುಂದಕ್ಕೆ ಹೋಗುತ್ತದೆ. ಹತ್ತನೇ ಸ್ಥಾನದ ತಂಡಕ್ಕೆ ಅವಕಾಶ ಇದೆ, ಆದರೆ ದಾರಿ ತುಂಬಾ ಉದ್ದ.

ಇಷ್ಟೊಂದು ತಂಡ ಬೇಕಾ ಎಂದು ಟೀಕಿಸುವವರು ಇದ್ದಾರೆ. ನನಗೆ ಈ ಪದ್ಧತಿ ಇಷ್ಟ. ಏಪ್ರಿಲ್‌ನಲ್ಲೂ ಒಂಬತ್ತು, ಹತ್ತು, ಹನ್ನೊಂದನೇ ಸ್ಥಾನದವರು ಜೀವ ಕೊಟ್ಟು ಆಡುತ್ತಾರೆ. ಸುಮ್ನೆ ದಿನ ದೂಡುವ ಪಂದ್ಯಗಳು ಕಡಿಮೆ.

ಪ್ಲೇಔಟ್ ಅಂದ್ರೆ?

ಪ್ಲೇಆಫ್‌ನ ತಲೆಕೆಳಗಾದ ರೂಪ. ಗುಂಪಿನ ಕೊನೆಯ ತಂಡ ನೇರ ಸೀರಿ ಡಿಗೆ. 16ನೇ ಸ್ಥಾನದವರು 19ನೆಯವರ ಜತೆ, 17ನೆಯವರು 18ನೆಯವರ ಜತೆ ಎರಡೆರಡು ಪಂದ್ಯ ಆಡುತ್ತಾರೆ. ಸೋತವರು ಕೆಳಗೆ. ಆ ಇಬ್ಬರ ನಡುವೆ ಎಂಟಕ್ಕಿಂತ ಹೆಚ್ಚು ಪಾಯಿಂಟ್ ಅಂತರ ಇದ್ದರೆ ಪಂದ್ಯವೇ ಇಲ್ಲ, ಹಿಂದಿದ್ದವರು ಹಾಗೇ ಇಳಿಯುತ್ತಾರೆ.

## 2022-23ರ ಸೀಸನ್

ಎಷ್ಟೋ ಸೀಸನ್ ಇರುವಾಗ ಇದನ್ನೇ ಯಾಕೆ ಹೇಳ್ತೀರಿ?

ಸೀರಿ ಸಿಯಲ್ಲಿ ಏನೆಲ್ಲ ಆಗಬಹುದೋ ಅಷ್ಟೂ ಆ ಒಂದೇ ವರ್ಷದಲ್ಲಿ ಆಯಿತು. ಶುರುವಾಗುವ ಮೊದಲೇ ಕಂಪೊಬಾಸ್ಸೊ ಮತ್ತು ತೆರಾಮೊ ಎಂಬ ಎರಡು ತಂಡಗಳಿಗೆ ಲೆಕ್ಕಪತ್ರ ಸರಿ ಇಲ್ಲವೆಂದು ಪ್ರವೇಶ ಸಿಗಲಿಲ್ಲ. ವಿಷಯ ಕೋರ್ಟಿಗೆ ಹೋಗಿ, ಆಗಸ್ಟ್ ಕೊನೆಗೆ ಶುರುವಾಗಬೇಕಿದ್ದ ಲೀಗ್ ಸೆಪ್ಟೆಂಬರ್‌ಗೆ ಹೋಯಿತು. ಕೆಳಗಿಳಿದಿದ್ದ ಫೆರ್ಮಾನಾ, ಸೀರಿ ಡಿಯಲ್ಲಿದ್ದ ಟೊರೆಸ್ ಆ ಜಾಗಕ್ಕೆ ಬಂದವು. ಮುಂದಿನ ಬೇಸಿಗೆಯಲ್ಲಿ ಸೀಸನ್ ಮುಗಿದದ್ದೂ ಕೋರ್ಟಿನಲ್ಲೇ. ನಡುವೆ ದಾಖಲೆ ಬರೆದ ಒಂದು ತಂಡ ಮತ್ತು ಎದೆ ಒಡೆಯುವ ಒಂದು ಪ್ಲೇಆಫ್. ಈ ದರ್ಜೆಯಲ್ಲಿ ಪಾಯಿಂಟ್ ಸಿಗುವುದು ಹುಲ್ಲಿನ ಮೇಲೆ, ಆದರೆ ಅದನ್ನು ಉಳಿಸಿಕೊಳ್ಳಬೇಕಾದದ್ದು ಕಚೇರಿಯಲ್ಲಿ. ಅದು ಅರ್ಥವಾಗಲು ಈ ಒಂದು ವರ್ಷ ಸಾಕು.

ಕಟಂಜಾರೊ, ಕಟಂಜಾರೊ ಅಂತ ಯಾವಾಗಲೂ ಹೇಳ್ತೀರಲ್ಲ, ಅಂಥದ್ದೇನು ಮಾಡಿದ್ರು?

38 ಪಂದ್ಯ. 30 ಗೆಲುವು, 6 ಸಮ, 2 ಸೋಲು. 96 ಪಾಯಿಂಟ್. 102 ಗೋಲು. ಯಾವ ದರ್ಜೆಯಲ್ಲಾದರೂ ಸರಿ, ಇದು ಬೆರಗಿನ ಲೆಕ್ಕ.

ಊರಿನ ಬಗ್ಗೆ ಸ್ವಲ್ಪ ಹೇಳಬೇಕು. ಇಟಲಿಯ ಬೂಟಿನ ಬೆರಳ ಭಾಗ ಕಲಾಬ್ರಿಯಾ. ಬಡ ಪ್ರದೇಶ, ಹುಡುಗರು ಕೆಲಸ ಹುಡುಕಿ ಉತ್ತರಕ್ಕೆ ಹೋಗುವ ಪ್ರದೇಶ. ಅದರ ರಾಜಧಾನಿ ಕಟಂಜಾರೊ ಗುಡ್ಡಗಳ ಮೇಲೆ ಕೂತಿದೆ. ಕಣಿವೆಯ ಮೇಲೆ ಒಂದೇ ಕಮಾನಿನ ದೊಡ್ಡ ಕಾಂಕ್ರೀಟ್ ಸೇತುವೆ ಇದೆ. ಹಸುವಿನ ಹೊಟ್ಟೆ, ಕರುಳಿನ ಖಾರದ ಸಾರನ್ನು ರೊಟ್ಟಿಯೊಳಗೆ ತುಂಬಿ ಕೊಡುವ "ಮೊರ್ಜೆಲ್ಲೊ" ಅಲ್ಲಿನ ಬೀದಿ ತಿಂಡಿ. 1971ರಲ್ಲಿ ಸೀರಿ ಎಗೆ ಏರಿದ ಮೊದಲ ಕಲಾಬ್ರಿಯಾ ತಂಡ ಇದೇ. ಎಪ್ಪತ್ತರ ದಶಕದಲ್ಲಿ ಮಾಸ್ಸಿಮೊ ಪಲಾಂಕಾ ಎಂಬ ಪುಟ್ಟ ಪಾದದ ಎಡಗಾಲಿನ ಆಟಗಾರ ಕಾರ್ನರ್‌ನಿಂದಲೇ ನೇರವಾಗಿ ಗೋಲು ಹೊಡೆಯುತ್ತಿದ್ದ. ಅವನ ಹೆಸರು ಹೇಳಿದರೆ ಅಲ್ಲಿನ ಹಿರಿಯರ ಮುಖ ಈಗಲೂ ಅರಳುತ್ತದೆ.

ಆಮೇಲೆ ಕುಸಿತ. 2006ರಲ್ಲಿ ಸೀರಿ ಬಿಯಿಂದ ಇಳಿದವರು ದಿವಾಳಿಯಾಗಿ, ಕೆಳಗಿನ ದರ್ಜೆಗಳಲ್ಲೇ 17 ವರ್ಷ ಕಳೆದರು.

2022-23ರಲ್ಲಿ ಕೋಚ್ ವಿಂಚೆಂಜೊ ವಿವಾರಿನಿ ಆ ತಂಡವನ್ನು ಆಡಿಸಿದ ರೀತಿ ನೋಡಲೇಬೇಕಾದದ್ದು. ಸೀರಿ ಸಿ ಅಂದರೆ ಚೆಂಡನ್ನು ಉದ್ದಕ್ಕೆ ಒದೆಯುವುದು, ಗುದ್ದಾಡುವುದು ಎಂಬ ಮಾತಿದೆ. ಇವರು ತಮ್ಮ ಗೋಲಿನಿಂದಲೇ ಚಿಕ್ಕ ಚಿಕ್ಕ ಪಾಸ್ ಕಟ್ಟುತ್ತಾ ಬರುತ್ತಿದ್ದರು. ಮುಂದೆ ನಾಯಕ ಪಿಯೆತ್ರೊ ಯೆಮ್ಮೆಲ್ಲೊ. ಅದೇ ಊರಲ್ಲಿ ಹುಟ್ಟಿದವನು, ಬೇರೆ ಬೇರೆ ಊರು ಸುತ್ತಿ ಮನೆಗೆ ವಾಪಸ್ ಬಂದವನು. ಆ ವರ್ಷ ಲೀಗ್‌ನಲ್ಲಿ 28 ಗೋಲು ಹೊಡೆದ.

2023ರ ಮಾರ್ಚ್ 19ರಂದು, ಐದು ಸುತ್ತು ಬಾಕಿ ಇರುವಾಗಲೇ, ಜೆಲ್ಬಿಸನ್ ವಿರುದ್ಧ 2-0 ಗೆದ್ದು ಸೀರಿ ಬಿ ಖಚಿತ ಮಾಡಿಕೊಂಡರು. ಜೆಲ್ಬಿಸನ್ ಸಣ್ಣ ಊರಿನ ತಂಡ. ಬರುವ ಜನರನ್ನು ಅವರ ಮೈದಾನ ಹಿಡಿಯುವುದಿಲ್ಲವೆಂದು ಆ ಪಂದ್ಯವನ್ನು ಸಲೆರ್ನೊದ ದೊಡ್ಡ ಅರೆಕಿ ಸ್ಟೇಡಿಯಂಗೆ ಸ್ಥಳಾಂತರಿಸಿದ್ದರು. ಅಷ್ಟು ದೊಡ್ಡ ಸ್ಟೇಡಿಯಂನಲ್ಲಿ ಎಲ್ಲಿ ನೋಡಿದರೂ ಕಟಂಜಾರೊದ ಹಳದಿ ಕೆಂಪು. ಆತಿಥೇಯ ತಂಡದ "ಮನೆ ಪಂದ್ಯ"ದಲ್ಲಿ ಬಂದ ಅತಿಥಿಗಳದೇ ಮನೆಯಾಗಿತ್ತು. ಅರಿಶಿನ ಕುಂಕುಮದ ಬಣ್ಣ ಎಂದು ನಾನು ಆ ದಿನ ಅಂದುಕೊಂಡೆ, ನಮ್ಮ ಬಾವುಟದ ಬಣ್ಣ. ಆವತ್ತಿನಿಂದ ಆ ತಂಡ ನನಗೆ ಇನ್ನಷ್ಟು ಹತ್ತಿರ.

ಉಳಿದ ಎರಡು ಗುಂಪು ಯಾರು ಗೆದ್ರು?

ಎಯಲ್ಲಿ ಫೆರಾಲ್ಪಿಸಾಲೊ, ಬಿಯಲ್ಲಿ ರೆಜ್ಜಾನಾ.

ರೆಜ್ಜಾನಾ ರೆಜ್ಜೊ ಎಮಿಲಿಯಾ ಊರಿನ ಹಳೇ ತಂಡ, ಸೀರಿ ಎಯಲ್ಲೂ ಆಡಿದ್ದವರು. ಫೆರಾಲ್ಪಿಸಾಲೊ ಪೂರ್ತಿ ಬೇರೆ ಕಥೆ. ಗಾರ್ದಾ ಸರೋವರದ ದಡದ ಸಾಲೊ ಎಂಬ ಪ್ರವಾಸಿ ಪಟ್ಟಣ, ಜತೆಗೆ ಫೆರಾಲ್ಪಿ ಎಂಬ ಉಕ್ಕಿನ ಕಂಪನಿ. 2009ರಲ್ಲಿ ಎರಡು ಸಣ್ಣ ಕ್ಲಬ್ ಸೇರಿ ಈ ತಂಡ ಹುಟ್ಟಿತು. 14 ವರ್ಷಕ್ಕೆ ಮೊದಲ ಬಾರಿ ಸೀರಿ ಬಿ. ಸಾಲ ಮಾಡದೆ, ಗದ್ದಲ ಮಾಡದೆ ಏರಿದವರು. ಆದರೆ ಅವರ ಸ್ಟೇಡಿಯಂ ಸೀರಿ ಬಿಗೆ ಸಾಲದು. ಏರಿದ ಮೇಲೆ ತಮ್ಮ "ಮನೆ ಪಂದ್ಯ"ಗಳನ್ನು ದೂರದ ಪಿಯಾಚೆನ್ಜಾದಲ್ಲಿ ಆಡಬೇಕಾಯಿತು.

ಆ ವರ್ಷದ ಪ್ಲೇಆಫ್ ಯಾಕೆ ಅಷ್ಟು ಪ್ರಸಿದ್ಧಿ?

ಫೊಜ್ಜಾ ತಂಡದಿಂದ. ಒಂದೊಂದು ಸುತ್ತಿನಲ್ಲೂ ಮುಗಿದೇ ಹೋಯಿತು ಎನ್ನುವ ಹೊತ್ತಿಗೆ ಅವರು ಎದ್ದು ನಿಂತರು.

ಚೆರಿನ್ಯೋಲಾ ಎಂಬುದು ಫೊಜ್ಜಾ ಜಿಲ್ಲೆಯದೇ ಪಟ್ಟಣ. ಅವರ ಮೈದಾನದಲ್ಲಿ ಫೊಜ್ಜಾ 4-1ರಿಂದ ಸೋತಿತು. ಜಿಲ್ಲಾ ಕೇಂದ್ರದವರು ತಾಲ್ಲೂಕು ಊರಿನವರ ಕೈಲಿ ನಾಲ್ಕು ಗೋಲು ತಿಂದರೆ ಹೇಗಿರುತ್ತದೆ, ಯೋಚಿಸಿ. ವಾಪಸ್ ಪಂದ್ಯದಲ್ಲಿ ಮೂರು ಗೋಲು ಅಂತರದಿಂದ ಗೆದ್ದರೆ ಸಾಕಿತ್ತು, ಯಾಕಂದರೆ ಒಟ್ಟು ಲೆಕ್ಕ ಸಮ ಆದರೆ ಲೀಗ್‌ನಲ್ಲಿ ಮೇಲಿದ್ದ ಫೊಜ್ಜಾಗೆ ಜಯ. ಮೂರನೇ ಗೋಲು ಬಂದದ್ದು ತೊಂಬತ್ತು ನಿಮಿಷ ಮುಗಿದ ಮೇಲಿನ ಹೆಚ್ಚುವರಿ ಸಮಯದಲ್ಲಿ. 3-0.

ಸೆಮಿಫೈನಲ್‌ನಲ್ಲಿ ಎದುರಾಳಿ ಪೆಸ್ಕಾರಾ, ಅವರ ಕೋಚ್ ಜ್ದೆನೆಕ್ ಜೆಮಾನ್. ತೊಂಬತ್ತರ ದಶಕದಲ್ಲಿ ಫೊಜ್ಜಾವನ್ನು ಸೀರಿ ಎಗೆ ಏರಿಸಿ, ಬರೀ ಆಕ್ರಮಣದ ಆಟದಿಂದ ಇಡೀ ಇಟಲಿಗೆ ಆ ಊರನ್ನು ಪರಿಚಯಿಸಿದ ಅದೇ ಜೆಮಾನ್. ಫೊಜ್ಜಾ ಬೆಂಚಿನಲ್ಲಿದ್ದ ದೆಲಿಯೊ ರೊಸ್ಸಿ ಅದೇ ತಂಡದಲ್ಲಿ ಆಟಗಾರನಾಗಿ ಆಡಿದವರು, ಅವರ ಕೋಚಿಂಗ್ ಮೇಲೆ ಜೆಮಾನ್ ನೆರಳು ಬಿದ್ದಿದೆ ಎಂದು ಎಲ್ಲರೂ ಹೇಳುತ್ತಾರೆ. ತಾವು ಪೂಜಿಸುವ ಗುರುವನ್ನೇ ಸೋಲಿಸಬೇಕಾದ ಸ್ಥಿತಿ. ಎರಡೂ ಪಂದ್ಯ ಸೇರಿ ಬಗೆಹರಿಯದೆ ಪೆನಾಲ್ಟಿ ಶೂಟೌಟ್‌ಗೆ ಹೋಯಿತು. ಫೊಜ್ಜಾ ಗೆದ್ದಿತು.

ಫೈನಲ್‌ನಲ್ಲಿ ಲೆಕ್ಕೊ ಎದುರು ಅವರ ಶಕ್ತಿ ಮುಗಿದಿತ್ತು. ಮನೆಯಲ್ಲಿ 2-1 ಸೋಲು, ಲೆಕ್ಕೊದಲ್ಲಿ 3-1 ಸೋಲು. ತಿಂಗಳಿಡೀ ಸತ್ತು ಬದುಕಿದ ತಂಡಕ್ಕೆ ಕೊನೆಗೆ ಉಳಿದದ್ದು ಮತ್ತೆ ಸೀರಿ ಸಿ. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಲೆಕ್ಕೊ ಗೆದ್ದ ಮೇಲೆ ಕೋರ್ಟಿಗೆ ಯಾಕೆ ಹೋಗಬೇಕಾಯ್ತು?

ಲೆಕ್ಕೊ ಮಿಲಾನ್‌ನ ಉತ್ತರಕ್ಕೆ, ಕೋಮೊ ಸರೋವರದ ಒಂದು ತುದಿಯ ಊರು. ಅವರು ಕೊನೆಯ ಬಾರಿ ಸೀರಿ ಬಿಯಲ್ಲಿ ಆಡಿದ್ದು 1973ರಲ್ಲಿ. ಐವತ್ತು ವರ್ಷದ ನಂತರ ಜೂನ್ 18ರ ರಾತ್ರಿ ಫೈನಲ್ ಗೆದ್ದರು. ಸೀರಿ ಬಿಗೆ ಹೆಸರು ನೋಂದಾಯಿಸಲು ಕೊನೆಯ ದಿನ ಜೂನ್ 20.

ಅವರ ಸ್ಟೇಡಿಯಂ ಬೆಟ್ಟದ ಬುಡದಲ್ಲಿರುವ ಹಳೇ ಕಟ್ಟಡ, ಸೀರಿ ಬಿಯ ನಿಯಮಕ್ಕೆ ಹೊಂದುತ್ತಿರಲಿಲ್ಲ. ಹಾಗಾಗಿ ಬೇರೆ ಊರಿನ ಸ್ಟೇಡಿಯಂ ತೋರಿಸಬೇಕು, ಅದಕ್ಕೆ ಅಲ್ಲಿನ ಅಧಿಕಾರಿಗಳ ಒಪ್ಪಿಗೆ ಪತ್ರ ಬೇಕು. ಪಾದೊವಾ ಸ್ಟೇಡಿಯಂ ಹಿಡಿದರು. ಪತ್ರ ಬರುವ ಹೊತ್ತಿಗೆ ಗಡುವು ದಾಟಿತ್ತು. ಎರಡು ದಿನದಲ್ಲಿ ಯಾರು ತಾನೇ ಇಷ್ಟು ಕಾಗದ ಹೊಂದಿಸುತ್ತಾರೆ? ಅವರು ಹೊರಗೆ ಬಿದ್ದರೆ ಆ ಜಾಗ ತಮಗೆ ಎಂದು ಸೀರಿ ಬಿಯಿಂದ ಇಳಿದಿದ್ದ ಪೆರುಜಾ ಕಾನೂನು ಹೋರಾಟಕ್ಕೆ ಇಳಿಯಿತು. ಒಂದು ಕಡೆ ಒಪ್ಪಿಗೆ, ಇನ್ನೊಂದು ಕಡೆ ತಿರಸ್ಕಾರ, ಮತ್ತೆ ಮೇಲ್ಮನವಿ. ಆಗಸ್ಟ್‌ನಲ್ಲಿ ಸೀರಿ ಬಿ ಶುರುವಾದರೂ ಲೆಕ್ಕೊದ ಮೊದಲ ಪಂದ್ಯಗಳನ್ನು ಮುಂದೂಡಬೇಕಾಯಿತು. ಆಗಸ್ಟ್ ಕೊನೆಗೆ ಇಟಲಿಯ ಉನ್ನತ ಆಡಳಿತ ನ್ಯಾಯಾಲಯ ಲೆಕ್ಕೊ ಪರ ನಿಂತಿತು.

ಆಟದಲ್ಲಿ ಗೆದ್ದವರು ಎರಡು ತಿಂಗಳು ತಮ್ಮ ಜಾಗ ಯಾವುದೆಂದೇ ಗೊತ್ತಿಲ್ಲದೆ ಕಾದರು. ಅಂಥ ಸ್ಥಿತಿಯಲ್ಲಿ ಯಾವ ಆಟಗಾರ ಸಹಿ ಹಾಕುತ್ತಾನೆ ಹೇಳಿ. ಮುಂದೆ ಅವರು ಸೀರಿ ಬಿಯಲ್ಲಿ ಕೊನೆಯ ಸ್ಥಾನಕ್ಕೆ ಇಳಿದದ್ದರ ಬೇರು ಆ ಬೇಸಿಗೆಯಲ್ಲೇ ಇದೆ ಎಂದು ನಾನು ನಂಬುತ್ತೇನೆ.

ಕೆಳಗೆ ಬಿದ್ದವರ ಬಗ್ಗೆ ಯಾರೂ ಹೇಳಲ್ಲ. ಅವರ ಕಥೆ?

ಇಬ್ಬರ ಬಗ್ಗೆ ಹೇಳುತ್ತೇನೆ. ಪಿಯಾಚೆನ್ಜಾ ತೊಂಬತ್ತರ ದಶಕದಲ್ಲಿ ಬರೀ ಇಟಲಿಯ ಆಟಗಾರರನ್ನೇ ಇಟ್ಟುಕೊಂಡು ಸೀರಿ ಎಯಲ್ಲಿ ಆಡಿ ಹೆಸರಾದ ತಂಡ. ಇಂಜಾಗಿ ಸಹೋದರರು ಹುಟ್ಟಿದ ಊರು. 2023ರಲ್ಲಿ ಜಿರೋನೆ ಎಯ ಕೊನೆಯ ಸ್ಥಾನ, ನೇರ ಸೀರಿ ಡಿಗೆ. ಮುಂದಿನ ವರ್ಷ ಅದೇ ಊರಿನ ಸ್ಟೇಡಿಯಂನಲ್ಲಿ ಫೆರಾಲ್ಪಿಸಾಲೊ ಸೀರಿ ಬಿ ಆಡಿತು.

ಇನ್ನೊಂದು, ಮೇಲೆ ಹೇಳಿದ ಜೆಲ್ಬಿಸನ್. ವಾಲ್ಲೊ ದೆಲ್ಲಾ ಲುಕಾನಿಯಾ ಎಂಬ ಪುಟ್ಟ ಊರಿನವರು. ಸೀರಿ ಸಿ ಕಂಡದ್ದು ಅದೇ ಮೊದಲು. ಪ್ಲೇಔಟ್‌ನಲ್ಲಿ ಮೆಸ್ಸಿನಾ ಎದುರು ಸೋತು ಒಂದೇ ವರ್ಷಕ್ಕೆ ಇಳಿದರು. ಆ ಊರಿನ ಮಕ್ಕಳು ಫೊಜ್ಜಾ, ಪೆಸ್ಕಾರಾ ತಂಡಗಳು ತಮ್ಮ ಎದುರು ಆಡಿದ್ದನ್ನು ನೋಡಿದ್ದಾರೆ. ಅದು ಯಾರೂ ಕಸಿಯಲಾರದ್ದು.

## ಹಣ, ನಿಯಮ, ಕೋರ್ಟು

ಪಾಯಿಂಟ್ ಪಟ್ಟಿಯಲ್ಲಿ ಕೆಲವು ತಂಡದ ಪಕ್ಕ -2, -4 ಅಂತ ಇರುತ್ತಲ್ಲ, ಏನದು?

ದಂಡ. ಆಟಗಾರರ ಸಂಬಳ, ತೆರಿಗೆ, ನಮ್ಮ ಪಿಎಫ್ ತರಹದ ಕಂತುಗಳನ್ನು ಕ್ಲಬ್ ಗೊತ್ತಾದ ದಿನಾಂಕದೊಳಗೆ ಕಟ್ಟಬೇಕು. ತಡವಾದರೆ ಪಾಯಿಂಟ್ ಕಡಿತ. 2022-23ರ ಹೊತ್ತಿಗೆ ಇದನ್ನು ಪರಿಶೀಲಿಸಲು ಕೊವಿಸೊಕ್ ಎಂಬ ಸಮಿತಿಯೇ ಇತ್ತು. ಹಾಗಾಗಿ ಸೀರಿ ಸಿ ಅಭಿಮಾನಿಗೆ ಎರಡು ಬಗೆಯ ಚಿಂತೆ. ಭಾನುವಾರ ಗೋಲಿನದು, ತಿಂಗಳ ನಡುವೆ ಬ್ಯಾಂಕಿನದು.

ವಿಷಯ ಕೈಮೀರಿದರೆ ಸೀಸನ್ ನಡುವೆಯೇ ತಂಡವನ್ನು ಹೊರಹಾಕುತ್ತಾರೆ. 2022ರ ಏಪ್ರಿಲ್‌ನಲ್ಲಿ ಕತಾನಿಯಾಗೆ ಹಾಗಾಯಿತು. 2025ರ ಮಾರ್ಚ್‌ನಲ್ಲಿ ತಾರಾಂತೊ ಮತ್ತು ತುರ್ರಿಸ್ ಎರಡನ್ನೂ ಜಿರೋನೆ ಸಿಯಿಂದ ಹೊರಹಾಕಿದರು. ಆಗ ಅವರ ಜತೆ ಆಡಿದ ಎಲ್ಲ ಪಂದ್ಯಗಳ ಫಲಿತಾಂಶ ರದ್ದು. ಅವರನ್ನು ಸೋಲಿಸಿದ್ದ ತಂಡಗಳು ಗಳಿಸಿದ್ದ ಪಾಯಿಂಟ್ ಕಳೆದುಕೊಳ್ಳುತ್ತವೆ. ಅವರ ಕೈಲಿ ಸೋತಿದ್ದವರಿಗೆ ಲಾಭ. ತಪ್ಪು ಒಬ್ಬರದು, ಪಟ್ಟಿ ಬದಲಾಗುವುದು ಎಲ್ಲರದು. ನನಗೆ ಇದು ಯಾವತ್ತೂ ನ್ಯಾಯ ಅನ್ನಿಸಿಲ್ಲ.

20-0 ಅಂತ ಒಂದು ಪಂದ್ಯ ನಿಜವಾಗ್ಲೂ ಆಗಿತ್ತಾ?

ಆಗಿತ್ತು. 2019ರ ಫೆಬ್ರವರಿ 17, ಕೂನೆಯೊ ಊರು, ಸೀರಿ ಸಿ ಜಿರೋನೆ ಎ. ಎದುರಾಳಿ ಪ್ರೊ ಪಿಯಾಚೆನ್ಜಾ. (ಮೇಲೆ ಹೇಳಿದ ಪಿಯಾಚೆನ್ಜಾ ಬೇರೆ, ಇದು ಅದೇ ಊರಿನ ಸಣ್ಣ ಕ್ಲಬ್.)

ಸಂಬಳ ಸಿಗದೆ ಅವರ ಆಟಗಾರರು ಬಿಟ್ಟು ಹೋಗಿದ್ದರು. ಆಗಲೇ ಮೂರು ಪಂದ್ಯಕ್ಕೆ ತಂಡ ಮೈದಾನಕ್ಕೆ ಬಂದಿರಲಿಲ್ಲ. ನಾಲ್ಕನೇ ಸಲ ತಪ್ಪಿದರೆ ಲೀಗ್‌ನಿಂದಲೇ ಹೊರಗೆ. ನಿಯಮದ ಪ್ರಕಾರ ಪಂದ್ಯ ಶುರು ಮಾಡಲು ಕನಿಷ್ಠ ಏಳು ಜನ ಬೇಕು. ಏಳು ಹುಡುಗರು ಬಂದರು, ಎಲ್ಲರೂ ಹದಿಹರೆಯದವರು. ಅವರ ಎದುರು ಹನ್ನೊಂದು ಜನ ವೃತ್ತಿಪರರು. ಅರ್ಧ ಆಟಕ್ಕೆ 16-0. ತಂಡದ ಮಾಲೀಶು ಮಾಡುವ, ನಲವತ್ತರ ಹತ್ತಿರದ ವ್ಯಕ್ತಿಯೂ ಅಂಗಿ ಹಾಕಿಕೊಂಡು ಇಳಿದರು.

ಆ ಹುಡುಗರು ಓಡುತ್ತಲೇ ಇದ್ದರು. ಒಂದೊಂದು ಗೋಲಿನ ನಂತರವೂ ಚೆಂಡು ತಂದು ನಡುಗೆರೆಯಲ್ಲಿಟ್ಟು ಮತ್ತೆ ಶುರು ಮಾಡಬೇಕು, ಇಪ್ಪತ್ತು ಸಲ. ಮರುದಿನ ಆ ಫಲಿತಾಂಶವನ್ನು ರದ್ದು ಮಾಡಿ 3-0 ಎಂದು ಬರೆದರು, ಕ್ಲಬ್ಬನ್ನು ಹೊರಹಾಕಿದರು. ಪ್ರಪಂಚವೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ದೊಡ್ಡವರು ಕಟ್ಟದ ದುಡ್ಡಿನ ಬೆಲೆಯನ್ನು ಆ ಮಕ್ಕಳು ಕ್ಯಾಮೆರಾ ಎದುರು ಕಟ್ಟಿದರು.

ಕ್ಲಬ್ ದಿವಾಳಿ ಆದ್ರೆ ಆ ಊರಿಗೆ ಫುಟ್ಬಾಲೇ ಇಲ್ವಾ?

ಸಾಮಾನ್ಯವಾಗಿ ಇರುತ್ತದೆ. ಹಳೇ ಕಂಪನಿ ಮುಚ್ಚುತ್ತದೆ, ಊರಿನ ಹೆಸರಲ್ಲಿ ಹೊಸದು ಹುಟ್ಟುತ್ತದೆ, ಕೆಳಗಿನ ದರ್ಜೆಯಿಂದ ಶುರು ಮಾಡುತ್ತದೆ. ಪಾರ್ಮಾ 2015ರಲ್ಲಿ ದಿವಾಳಿಯಾಗಿ ಸೀರಿ ಡಿಗೆ ಹೋಯಿತು. ನಾಯಕ ಅಲೆಸ್ಸಾಂದ್ರೊ ಲುಕರೆಲ್ಲಿ ತಂಡ ಬಿಡಲಿಲ್ಲ. ಸತತ ಮೂರು ವರ್ಷ ಏರಿ 2018ಕ್ಕೆ ಸೀರಿ ಎಗೆ ವಾಪಸ್. ಬಾರಿ 2018ರಲ್ಲಿ ಸೀರಿ ಡಿಗೆ ಇಳಿದು, 2023ರಲ್ಲಿ ಸೀರಿ ಎಗೆ ಏರುವ ಪ್ಲೇಆಫ್‌ನ ಫೈನಲ್ ತನಕ ಬಂದು, 94ನೇ ನಿಮಿಷದ ಒಂದು ಗೋಲಿಗೆ ಕಲ್ಯಾರಿ ಎದುರು ಸೋತಿತು. 2022ರಲ್ಲಿ ಪ್ರವೇಶ ಸಿಗದ ಕಂಪೊಬಾಸ್ಸೊ ಇನ್ನೂ ಕೆಳಗಿನ ಎಚ್ಚೆಲೆನ್ಜಾದಿಂದ ಶುರು ಮಾಡಿ, ಎರಡು ವರ್ಷ ಸತತ ಗೆದ್ದು 2024ರಲ್ಲಿ ಸೀರಿ ಸಿಗೆ ಬಂತು.

ಬಣ್ಣ ಅದೇ, ಹಾಡು ಅದೇ, ಸ್ಟೇಡಿಯಂನಲ್ಲಿ ಗೋಲಿನ ಹಿಂದಿನ "ಕುರ್ವಾ"ದಲ್ಲಿ ನಿಲ್ಲುವ ಜನವೂ ಅವರೇ.

ಜುವೆಂಟಸ್ ಸೀರಿ ಸಿಯಲ್ಲಿ ಏನ್ ಮಾಡ್ತಿದೆ?

ಅದು ಜುವೆಂಟಸ್‌ನ ಎರಡನೇ ತಂಡ. 2018ರಲ್ಲಿ 23 ವರ್ಷದೊಳಗಿನವರ ತಂಡವಾಗಿ ಬಂತು, 2022ರಲ್ಲಿ ಜುವೆಂಟಸ್ ನೆಕ್ಸ್ಟ್ ಜೆನ್ ಆಯಿತು. ಆಮೇಲೆ 2023ರಲ್ಲಿ ಅಟಲಾಂಟಾ, 2024ರಲ್ಲಿ ಮಿಲಾನ್, 2025ರಲ್ಲಿ ಇಂಟರ್ ಬಂದವು. ದೊಡ್ಡ ತಂಡ ಇರುವ ದರ್ಜೆಗೆ ಇವು ಏರುವಂತಿಲ್ಲ. ಫಜೋಲಿ, ಮಿರೆತ್ತಿ, ಯಿಲ್ದಿಜ್ ಇಲ್ಲಿ ಆಡಿಯೇ ಮೇಲೆ ಹೋದವರು. ಹುಡುಗರಿಗೆ ಇದರಿಂದ ಲಾಭ ಖಂಡಿತ. ಆದರೆ ಅಭಿಮಾನಿಗಳಿಲ್ಲದ ತಂಡವೊಂದು ಒಂದು ಊರಿನ ಜಾಗ ಹಿಡಿದು ಕೂರುವುದು ನನಗೆ ಇಷ್ಟ ಇಲ್ಲ. 2025ರ ಪ್ಲೇಔಟ್‌ನಲ್ಲಿ ಫೆರ್ರಾರಾ ಊರಿನ ಸ್ಪಾಲ್ ತಂಡ ಮಿಲಾನ್‌ನ ಎರಡನೇ ತಂಡವನ್ನು ಸೋಲಿಸಿ ಉಳಿದುಕೊಂಡಿತು. ಕೆಲವೇ ವಾರದಲ್ಲಿ ದುಡ್ಡಿಲ್ಲದೆ ನೋಂದಣಿ ತಪ್ಪಿತು. ಆ ಜಾಗಕ್ಕೆ ಬಂದದ್ದು ಇಂಟರ್‌ನ ಎರಡನೇ ತಂಡ.

ಇಲ್ಲಿ ವಿಎಆರ್ ಇದೆಯಾ?

ವಿಎಆರ್ ಅಂದರೆ ವಿಡಿಯೊ ನೋಡಿ ರೆಫರಿಯ ತೀರ್ಪನ್ನು ಪರಿಶೀಲಿಸುವ ವ್ಯವಸ್ಥೆ. ಪೂರ್ತಿ ವಿಎಆರ್‌ಗೆ ಖರ್ಚು ಜಾಸ್ತಿ. 2025-26ರಿಂದ ಬೇರೊಂದು ಪದ್ಧತಿ ತಂದಿದ್ದಾರೆ. ಕೋಚ್ ಒಂದು ಕಾರ್ಡ್ ಕೊಟ್ಟು "ಮತ್ತೆ ನೋಡಿ" ಎಂದು ಕೇಳಬಹುದು, ರೆಫರಿ ಮೈದಾನದ ಪಕ್ಕದ ಪರದೆಯಲ್ಲಿ ನೋಡುತ್ತಾರೆ. ಒಂದು ಪಂದ್ಯಕ್ಕೆ ಎರಡು ಅವಕಾಶ, ಕೇಳಿದ್ದು ಸರಿ ಆದರೆ ಅವಕಾಶ ಉಳಿಯುತ್ತದೆ. ಕ್ರಿಕೆಟ್‌ನ ಡಿಆರ್‌ಎಸ್ ಗೊತ್ತಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಮ್ಮ ಸಮಯಕ್ಕೆ ಪಂದ್ಯ ಎಷ್ಟು ಗಂಟೆಗೆ?

ಚಳಿಗಾಲದಲ್ಲಿ ಇಟಲಿ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಮೂರೂವರೆ. ಅಲ್ಲಿ ಮಧ್ಯಾಹ್ನ ಎರಡೂವರೆಗೆ ಶುರುವಾಗುವ ಪಂದ್ಯ ಜನವರಿಯಲ್ಲಿ ನಮಗೆ ಸಂಜೆ ಏಳಕ್ಕೆ, ಊಟಕ್ಕೆ ಮುಂಚೆ ಮುಗಿಯುತ್ತದೆ. ಐದೂವರೆಯದು ರಾತ್ರಿ ಹತ್ತಕ್ಕೆ. ಹೊಸಬರು ಸಂಜೆಯದರಿಂದ ಶುರು ಮಾಡಿ.

2023ರಲ್ಲಿ ಮೇಲೆ ಹೋದ ಆ ನಾಲ್ಕು ತಂಡ ಆಮೇಲೆ ಏನಾದವು?

ಕಟಂಜಾರೊ ಸೀರಿ ಬಿಯ ಮೊದಲ ವರ್ಷವೇ ಐದನೇ ಸ್ಥಾನ ಬಂದಿತು. ಪ್ಲೇಆಫ್‌ನಲ್ಲಿ ಬ್ರೆಶಾವನ್ನು ಹೆಚ್ಚುವರಿ ಸಮಯದಲ್ಲಿ 4-2ರಿಂದ ಸೋಲಿಸಿ, ಸೆಮಿಫೈನಲ್‌ನಲ್ಲಿ ಕ್ರೆಮೊನೀಸೆ ಎದುರು ಸೋತು ಹೊರಬಿತ್ತು. ರೆಜ್ಜಾನಾ ಕೂಡ ಉಳಿದುಕೊಂಡಿತು. ಲೆಕ್ಕೊ 20ನೇ ಸ್ಥಾನ, ಫೆರಾಲ್ಪಿಸಾಲೊ 19ನೇ ಸ್ಥಾನ, ಎರಡೂ ಮತ್ತೆ ಸೀರಿ ಸಿಗೆ.

ಫೆರಾಲ್ಪಿಸಾಲೊ ಕಥೆ ಅಲ್ಲಿಗೆ ನಿಲ್ಲಲಿಲ್ಲ. 2025ರಲ್ಲಿ ನೆರೆಯ ದೊಡ್ಡ ಊರು ಬ್ರೆಶಾದ ಕ್ಲಬ್ ಹಣದ ವಿಷಯಕ್ಕೆ ಮುಳುಗಿತು. 1911ರಲ್ಲಿ ಹುಟ್ಟಿದ, ಬಾಜ್ಜೊ, ಗ್ವಾರ್ಡಿಯೊಲಾ, ಪಿರ್ಲೊ ಆಡಿದ ತಂಡ. ಊರಿಗೆ ಫುಟ್ಬಾಲ್ ಇಲ್ಲದಂತಾಗಬಾರದೆಂದು ಫೆರಾಲ್ಪಿಸಾಲೊ ಕ್ಲಬ್ಬೇ ಅಲ್ಲಿಗೆ ಹೋಗಿ ಯೂನಿಯನ್ ಬ್ರೆಶಾ ಎಂಬ ಹೊಸ ಹೆಸರಿಟ್ಟುಕೊಂಡಿತು. 2025-26ರಲ್ಲಿ ಅದು ಸೀರಿ ಸಿಯಲ್ಲಿ ಬ್ರೆಶಾದ ನೀಲಿ ಅಂಗಿಯಲ್ಲಿ ಆಡಿತು. ಸಾಲೊ ಎಂಬ ಸರೋವರದ ಪಟ್ಟಣದ ಹೆಸರು ಪಟ್ಟಿಯಲ್ಲಿ ಇಲ್ಲ.